ಹೆಸರು ನುಂಗುವ ಹಗೇವು

ಹೊಳೆ ತಿರುವು ತೆಗೆದುಕೊಳ್ಳುವ ಜಾಗದಲ್ಲಿ ಬೂದಯ್ಯಜ್ಜನ ಮಠವಿತ್ತು. ಮಠವೆಂದರೆ ಮಣ್ಣಿನ ಎರಡು ಕೋಣೆ, ಒಂದು ಜಗಲಿ, ಮುಂದೊಂದು ಬೇವಿನ ಮರ. ಅಷ್ಟೆ.

ಅಜ್ಜನ ಮುಖ ನೋಡಿದರೆ ಸಾಕು, ಮನಸ್ಸು ತಣ್ಣಗಾಗುತ್ತದೆ ಎಂದು ಸುತ್ತಲಿನವರು ಹೇಳುತ್ತಿದ್ದರು. ಹೊಳೆ ಉಕ್ಕಿ ಮಠದ ಗೋಡೆ ಕುಸಿದ ವರ್ಷವೂ ಆ ಮುಖ ಕದಲಿರಲಿಲ್ಲ. ಅವರು ಅತ್ತದ್ದನ್ನು ಕಂಡವರೇ ಇರಲಿಲ್ಲ.

ಸಂಕವ್ವ ಅಲ್ಲಿಗೆ ಬಂದದ್ದು ಆ ಮಾತು ಕೇಳಿಯೇ.

ಅವಳು ನೇಕಾರರ ಮನೆಯ ಹೆಂಗಸು. ಇದ್ದ ಒಬ್ಬಳೇ ಮಗಳು ಹೊನ್ನಿ ಜ್ವರ ಬಂದು ತೀರಿಕೊಂಡಿದ್ದಳು. ಆಮೇಲೆ ಗಂಡ ಸಂಗಪ್ಪ ಮಗ್ಗದ ಮುಂದೆ ಕೂರುತ್ತಿದ್ದ, ಲಾಳಿ ಕೈಯಲ್ಲೇ ಉಳಿಯುತ್ತಿತ್ತು. ಇವಳು ಒಲೆಯ ಮುಂದೆ ಕೂರುತ್ತಿದ್ದಳು, ರೊಟ್ಟಿ ಹಂಚಿನ ಮೇಲೇ ಕರಕಾಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡುವುದನ್ನೇ ಗಂಡ ಹೆಂಡತಿ ಬಿಟ್ಟುಬಿಟ್ಟರು. ನೋಡಿದರೆ ಅಲ್ಲಿ ಮಗಳ ಮೂಗು ಕಾಣುತ್ತಿತ್ತು, ಹಣೆ ಕಾಣುತ್ತಿತ್ತು.

ಒಂದು ಮುಂಜಾನೆ ಅವಳು ಬಟ್ಟೆಯ ಗಂಟು ಕಟ್ಟಿಕೊಂಡು ಹೊರಟಳು. ಸಂಗಪ್ಪ ಎಲ್ಲಿಗೆ ಎಂದು ಕೇಳಲಿಲ್ಲ.

ಮಠದಲ್ಲಿ ಕಸ ಗುಡಿಸಿದಳು, ನೀರು ಹೊತ್ತಳು, ಅಂಬಲಿ ಕಾಸಿದಳು. ಅಜ್ಜ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಮಳೆಗಾಲ ಕಳೆದು ಹೊಳೆಯ ನೀರು ತಿಳಿಯಾಯಿತು. ಸಂಕವ್ವನ ಮನಸ್ಸು ತಿಳಿಯಾಗಲಿಲ್ಲ. ಅವಳು ಹೋಗಿ ಅಜ್ಜನ ಎದುರು ಕುಳಿತಳು.

“ಅಜ್ಜಾರ, ನನಗೂ ಉಪದೇಶ ಕೊಡ್ರಿ.”

“ಎಂಥಾ ಉಪದೇಶ ತಂಗಿ?”

“ನಿಮ್ಮಂಥಾ ಮನಸ್ಸು ಬೇಕ್ರಿ ನನಗ. ಯಾವುದಕ್ಕೂ ಅಲ್ಲಾಡದಂಥಾದ್ದು.”

ಅಜ್ಜ ಅವಳ ಕಡೆ ತಿರುಗಿದರು.

“ನನ್ನಂಥಾದ್ದ ಬೇಕೇನು?”

“ಹೌದ್ರಿ.”

“ವಿಚಾರ ಮಾಡಿ ಹೇಳು.”

“ವಿಚಾರ ಮಾಡಾಕ ಏನೂ ಉಳದಿಲ್ರಿ. ಕಣ್ಣು ಮುಚ್ಚಿದ್ರ ಮಗಳು ನರಳತಾಳ. ಕಣ್ಣು ತೆಗದ್ರ ಅಕಿ ಇಲ್ಲ. ಎರಡೂ ಸಾಕಾಗೇತಿ.”

ಅಜ್ಜ ಎದ್ದು ಹೊಳೆಯಾಚೆಗೆ ಕೈ ತೋರಿಸಿದರು.

“ಆಚೀ ದಂಡಿ ಹತ್ತು. ಜಾಲಿ ಕಂಟಿ ನಡುವ ಒಂದು ಹಾದಿ ಐತಿ. ಅದನ್ನ ಹಿಡದು ಹೋದ್ರ ಒಂದು ಊರು ಬರತೈತಿ. ನೀ ಕೇಳೂದು ಅಲ್ಲಿ ಸಿಗತೈತಿ.”

“ಊರಿನ ಹೆಸರೇನ್ರಿ?”

“ಹೆಸರು ಇಲ್ಲ. ಹಿಂದಕ್ಕ ಒಂದು ಇದ್ದಿರಬೇಕು.”

ಸಂಕವ್ವ ಸೆರಗು ಬಿಗಿದು ಗಂಟು ಎತ್ತಿಕೊಂಡಳು. ಮತ್ತೇನಾದರೂ ಹೇಳಿಯಾರೆಂದು ಸ್ವಲ್ಪ ಹೊತ್ತು ನಿಂತಳು. ಅಜ್ಜ ಆಗಲೇ ಬೇವಿನ ಕೆಳಗೆ ಹೋಗಿ ಕುಳಿತಿದ್ದರು.

ಹೊಳೆಯ ನೀರು ಮೊಣಕಾಲುದ್ದ ಇತ್ತು. ದಾಟಿದಳು.

*

ಊರು ಸಿಕ್ಕಿದ್ದು ಸುಡು ಮಧ್ಯಾಹ್ನದಲ್ಲಿ.

ಊರಬಾಗಿಲ ಅಗಸೆಯ ಹೊರಗೆ ಒಂದು ಹೊಸ ಗೋರಿ ಇತ್ತು. ಮಣ್ಣು ಇನ್ನೂ ಒಣಗಿರಲಿಲ್ಲ. ಅದರ ಮೇಲೆ ಒಬ್ಬ ಮುದುಕ ಆರಾಮಾಗಿ ಕುಳಿತು ಹಗ್ಗ ಹೊಸೆಯುತ್ತಿದ್ದ.

“ಯಪ್ಪಾ, ಇದು ಯಾರ ಗೋರಿ?” ಎಂದಳು ಸಂಕವ್ವ.

ಮುದುಕ ಕೆಳಗೆ ಬಗ್ಗಿ, ತಾನು ಯಾವುದರ ಮೇಲೆ ಕುಳಿತಿದ್ದೇನೆ ಎಂಬುದನ್ನು ಈಗಷ್ಟೇ ಕಂಡವನ ಹಾಗೆ ನೋಡಿದ.

“ಮಣ್ಣಿನ ದಿನ್ನಿ. ಕುಂದರಾಕ ಚಲೋ ಐತಿ,” ಎಂದು ನಕ್ಕ.

ಊರೊಳಗೆ ಎಲ್ಲ ಬಾಗಿಲುಗಳೂ ತೆರೆದಿದ್ದವು. ಅಂಗಳಗಳು ಸಾರಿಸಿದ್ದವು. ನಾಯಿಗಳು ನೆರಳಲ್ಲಿ ಮಲಗಿದ್ದವು, ಹೊಸಬಳನ್ನು ಕಂಡು ತಲೆ ಎತ್ತಲಿಲ್ಲ. ಎದುರಾದವರೆಲ್ಲ ನಕ್ಕರು. ಯಾರ ನಗೆಯೂ ಇನ್ನೊಬ್ಬರ ನಗೆಗಿಂತ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ.

ಬಾಗಿಲಲ್ಲಿ ಜೋಳ ಕೇರುತ್ತಿದ್ದ ಹೆಂಗಸೊಬ್ಬಳು ಅವಳನ್ನು ಕರೆದಳು. ಕರೆದವಳ ಹೆಸರು ಕಲ್ಲವ್ವ.

“ಬಿಸಲಾಗ ಬಂದೀ. ಬಾ, ಮಜ್ಜಿಗಿ ಕುಡಿ.”

ಮನೆಯೊಳಗೆ ತಂಪಿತ್ತು. ನಡುಮನೆಯ ಜಂತಿಗೆ ಒಂದು ತೊಟ್ಟಿಲು ತೂಗುಬಿದ್ದಿತ್ತು. ಬಣ್ಣದ ಗಿಳಿಗಳನ್ನು ಕೊರೆದ ಒಳ್ಳೆಯ ತೊಟ್ಟಿಲು. ಅದರ ತುಂಬ ಬೆಳ್ಳುಳ್ಳಿ ಹಾಕಿದ್ದರು.

“ಯಾರ ತೊಟ್ಟಿಲಾ ಅಕ್ಕಾ?”

“ಗೊತ್ತಿಲ್ಲ. ಇಲ್ಲೇ ಇತ್ತು.”

“ನಿನ್ನ ಮಗಳದಾ?” ಮೂಲೆಯಲ್ಲಿ ಕೌದಿ ಹೊದ್ದು ಒಂದು ಹುಡುಗಿ ಮಲಗಿದ್ದನ್ನು ಅವಳು ಆಗಲೇ ಕಂಡಿದ್ದಳು.

“ನಿಂಗೀದಾ? ಅಲ್ಲ. ಅಕಿ ಹುಟ್ಟೂಕಿಂತ ಮೊದಲ ಇತ್ತು.”

ಸಂಕವ್ವ ಮಜ್ಜಿಗೆಯ ತಂಬಿಗೆ ಕೆಳಗಿಟ್ಟಳು. ಹುಡುಗಿಯ ಮುಖ ಕೆಂಪಾಗಿತ್ತು. ತುಟಿಗಳು ಬಿರಿದಿದ್ದವು. ಉಸಿರು ಮೇಲೆ ಮೇಲೆ ಆಡುತ್ತಿತ್ತು.

“ಹುಡುಗಿಗೆ ಏನಾಗೇತಿ?”

“ಮಲಗ್ಯಾಳ.”

“ಯಾವಾಗಿಂದ?”

ಕಲ್ಲವ್ವ ಮೊರವನ್ನು ಒಮ್ಮೆ ಮೇಲಕ್ಕೆ ಹಾರಿಸಿದಳು. ಹೊಟ್ಟು ಗಾಳಿಯಲ್ಲಿ ತೇಲಿ ಹೋಯಿತು. “ಯಾವಾಗಿಂದನೋ. ಏಳೂದಿದ್ರ ಏಳತಾಳ.”

ಹೊನ್ನಿ ಮಲಗಿದ್ದೂ ಹೀಗೇ. ಇಂಥದೇ ಮೂಲೆ, ಇಂಥದೇ ಕೌದಿ. ಇದನ್ನು ಇನ್ನೊಮ್ಮೆ ನೋಡಲಾರೆ ಎಂದೇ ಅವಳು ಹೊಳೆ ದಾಟಿ ಬಂದದ್ದು. ಅವಳು ಮುಖ ತಿರುಗಿಸಿಕೊಂಡು ಹೊರಗೆ ನಡೆದಳು.

“ಇಲ್ಲಿ ನೆಮ್ಮದಿ ಕೊಡೂದು ಎಲ್ಲಿ?” ಅಂಗಳದಲ್ಲಿ ನಿಂತು ಕೇಳಿದಳು.

“ಚಾವಡಿ ಮುಂದ,” ಎಂದಳು ಕಲ್ಲವ್ವ. “ಗೌಡ್ರು ಇರತಾರ.”

*

ಚಾವಡಿಯ ಮುಂದಿನ ಬಯಲಿನಲ್ಲಿ ಒಂದು ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿತ್ತು.

ಬಿಳಿ ಮೀಸೆಯ ರಾಯನಗೌಡರು ಅದರ ಪಕ್ಕದಲ್ಲೇ ಕುಳಿತಿದ್ದರು. ಅವಳನ್ನು ಕಂಡು, ಬರುವುದು ಮೊದಲೇ ಗೊತ್ತಿದ್ದವರಂತೆ ನಕ್ಕರು.

“ಯಾರನ್ನ ಕಳಕೊಂಡೀ ತಂಗೆವ್ವ?”

“ಮಗಳನ್ನ.”

“ಹೆಸರು ಈಗ ಹೇಳಬ್ಯಾಡ. ಇದರಾಗ ಬಗ್ಗಿ ಹೇಳು.”

“ಇದರಾಗ ಏನೈತ್ರಿ?”

“ಹಿಂದಕ್ಕ ಜೋಳ ಇತ್ತು. ಬರಗಾಲದಾಗ ತೀರಿಹೋತು. ಖಾಲಿ ಹಗೇವಿನಾಗ ಬಗ್ಗಿ ಒಬ್ಬಾಕಿ ತನ್ನ ಸತ್ತ ಮಗನ ಹೆಸರು ಹಿಡದು ಅತ್ತಳು. ಎದ್ದಾಗ ಮುಖದಾಗ ಅಳು ಇರಲಿಲ್ಲ. ‘ನಾ ಯಾಕ ಅಳತಿದ್ದೆ?’ ಅಂತ ನಮ್ಮನ್ನ ಕೇಳಿದ್ಲು.”

“ಆಮ್ಯಾಲ?”

“ಆಮ್ಯಾಲ ನಾವೆಲ್ಲಾರೂ ಸಾಲಾಗಿ ನಿಂತ್ವಿ.”

ಬೀಸುತ್ತಿದ್ದ ಗಾಳಿ ನಿಂತಿತ್ತು. ಚಾವಡಿಯ ಕಟ್ಟೆಯ ಮೇಲೆ ಕುಳಿತವರು ಸುಮ್ಮನೆ ಇವರ ಕಡೆ ನೋಡುತ್ತಿದ್ದರು.

“ನೀವು ಯಾರ ಹೆಸರು ಹೇಳಿದ್ರಿ ಗೌಡ್ರ?”

ಗೌಡರು ತಮಾಷೆಯ ಮಾತು ಕೇಳಿದವರಂತೆ ಮೀಸೆಯೊಳಗೇ ನಕ್ಕರು. “ಗೊತ್ತಿದ್ರ ಹೇಳಿದಂಗ ಹ್ಯಾಂಗಾತು?”

ಇಬ್ಬರು ಗಂಡಸರು ಬಂದು ಚಪ್ಪಡಿ ಸರಿಸಿದರು. ಒಳಗಿಂದ ತಣ್ಣನೆಯ ಗಾಳಿ ಎದ್ದು ಅವಳ ಮುಖಕ್ಕೆ ಬಡಿಯಿತು. ಹಳೇ ಕಾಳಿನ ಮುಗ್ಗು ವಾಸನೆ. ಅದರ ಹಿಂದೆ ಒಂದು ಸದ್ದು. ಮುಚ್ಚಿದ ಬಾಗಿಲ ಆಚೆ ಬಹಳ ಮಂದಿ ಒಟ್ಟಿಗೆ ಮೆಲ್ಲಗೆ ಮಾತಾಡಿದ ಹಾಗೆ. ಒಂದು ಮಾತೂ ತಿಳಿಯದು.

ಸಂಕವ್ವ ಮೊಣಕಾಲೂರಿದಳು. ಕೈಗಳನ್ನು ಹಗೇವಿನ ಅಂಚಿಗೆ ಆನಿಸಿ ಬಗ್ಗಿದಳು. ಒಳಗೆ ಕತ್ತಲೆ ಬಿಟ್ಟು ಮತ್ತೇನೂ ಕಾಣಲಿಲ್ಲ.

“ಹೊ...” ಎಂದಳು.

ಆ ಒಂದಕ್ಷರವನ್ನು ಒಳಗಿನಿಂದ ಯಾರೋ ಎಳೆದುಕೊಂಡರು. ಬಾಯಿಯಿಂದಲ್ಲ, ಎದೆಯ ತಳದಿಂದ. ಸೇದುವ ಹಗ್ಗ ಕೈ ಜಾರಿ ಬಾವಿಗೆ ಓಡುವ ಹಾಗೆ ಏನೋ ಸರಸರನೆ ಇಳಿದು ಹೋಯಿತು.

ಮೈ ಹಗುರಾಯಿತು. ಮಗಳು ಸತ್ತಂದಿನಿಂದ ಮೊದಲ ಸಲ ಉಸಿರು ಹೊಟ್ಟೆಯ ತನಕ ಇಳಿಯಿತು. ಆಹಾ, ಇಷ್ಟು ಸಲೀಸೇ ಎನ್ನಿಸಿತು ಅವಳಿಗೆ. ಮಿಕ್ಕ ಅಕ್ಷರ ತುಟಿಯ ಮೇಲೆ ಬಂದು ಕುಳಿತಿತ್ತು.

ಹೇಳುವ ಮೊದಲು ಕೊನೆಯ ಸಲವೆಂದು ಮಗಳ ಮುಖ ನೆನೆಸಿಕೊಂಡಳು. ಹೊನ್ನಿಯ ಗಲ್ಲದ ಮೇಲೆ ಒಂದು ಮಚ್ಚೆ ಇತ್ತು. ದಿನಾ ಮುತ್ತಿಕ್ಕುತ್ತಿದ್ದ ಮಚ್ಚೆ.

ಯಾವ ಗಲ್ಲ?

ಎಡಗಲ್ಲ ಎಂದುಕೊಂಡಳು. ಮಚ್ಚೆ ಅಲ್ಲಿರಲಿಲ್ಲ. ಬಲಗಲ್ಲ ಎಂದುಕೊಂಡಳು. ಅಲ್ಲೂ ಇರಲಿಲ್ಲ. ಮುಖದ ಮೇಲೆ ಆ ಜಾಗವನ್ನು ಯಾರೋ ಬೆರಳಿನಿಂದ ಒರೆಸಿಬಿಟ್ಟಿದ್ದರು.

ಆಗಲೇ ಆ ನರಳಿಕೆ ಕೇಳಿಸಿದ್ದು. ಕಲ್ಲವ್ವನ ಮನೆಯಿಂದ. ಗಂಟಲ ಆಳದಿಂದ, ಹಲ್ಲು ಕಚ್ಚಿಕೊಂಡ ಮಗುವಿನ ನರಳಿಕೆ. ಅದು ಎಂಥದ್ದು, ಅದರ ಮುಂದೆ ಬರುವುದೇನು, ಸಂಕವ್ವನಿಗೆ ಗೊತ್ತಿತ್ತು.

ಕಟ್ಟೆಯ ಮೇಲಿನ ಒಂದು ತಲೆಯೂ ಆ ಕಡೆ ತಿರುಗಲಿಲ್ಲ.

“ಆ ಕೂಸು...” ಎಂದಳು.

“ಪೂರ್ತಿ ಹೇಳಿಬಿಡು ತಂಗೆವ್ವ,” ಎಂದರು ಗೌಡರು, ಬಹಳ ಪ್ರೀತಿಯಿಂದ. “ಹೇಳಿ ಎದ್ದ ಮ್ಯಾಲ ಅದು ನಿನಗ ಕೇಳಸೂದಿಲ್ಲ.”

ಸಂಕವ್ವ ಎದ್ದಳು. ಸೆರಗು ಜಾರಿದ್ದೂ ತಿಳಿಯದೆ ಓಡಿದಳು.

*

ಹುಡುಗಿಯ ಕಣ್ಣುಗುಡ್ಡೆಗಳು ಮೇಲಕ್ಕೆ ಹೋಗಿದ್ದವು. ಕೈಕಾಲು ಸೆಟೆದು ಅದುರುತ್ತಿದ್ದವು. ಬಾಗಿಲಲ್ಲಿ ಕಲ್ಲವ್ವ ಇನ್ನೂ ಜೋಳ ಕೇರುತ್ತಲೇ ಇದ್ದಳು, ಏನೋ ಗುನುಗುತ್ತ.

ಸಂಕವ್ವ ಕೌದಿ ಕಿತ್ತೆಸೆದಳು. ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಳು.

“ಕಿಟಕಿ ತಗೀ! ನೀರು ತಾ, ಅರಿವಿ ತಾ!”

“ಯಾಕಿಷ್ಟು ಅವಸರ ಮಾಡತಿ?”

“ತಾ ಅಂದ್ರ ತಾ!”

ಕಲ್ಲವ್ವ ಮೊರ ಗೋಡೆಗೆ ಒರಗಿಸಿ, ಕೈ ಝಾಡಿಸಿಕೊಂಡು, ನಿಧಾನವಾಗಿ ಎದ್ದು ನೀರಿನ ಕೊಡ, ಒಂದು ಹಳೇ ಬಟ್ಟೆ ತಂದಳು.

ಹೊನ್ನಿಗೆ ಹೀಗಾದಾಗ ಊರಿನ ಹಿರಿಯರು ಹೇಳಿದಂತೆ ಸಂಕವ್ವ ಕೌದಿಯ ಮೇಲೆ ಕೌದಿ ಹೊದಿಸಿದ್ದಳು. ಗಾಳಿ ತಾಗಬಾರದೆಂದು ಬಾಗಿಲು ಹಾಕಿದ್ದಳು. ನೀರು ನೀರು ಎಂದರೂ ಕೊಟ್ಟಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ, ಹಾದಿಯಲ್ಲಿ ಹೋಗುತ್ತಿದ್ದ ವೈದ್ಯರೊಬ್ಬರು ಕೇಳಿ ತಲೆ ಚಚ್ಚಿಕೊಂಡಿದ್ದರು. ಕಾವು ಇಳಿಸಬೇಕಿತ್ತು ತಾಯಿ, ಒದ್ದೆ ಬಟ್ಟೆಯಿಂದ ಮೈ ಒರೆಸಬೇಕಿತ್ತು, ಎಚ್ಚರಾದಾಗ ಬೆಲ್ಲ ಉಪ್ಪು ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಬೇಕಿತ್ತು ಎಂದಿದ್ದರು.

ಮಗಳು ಸತ್ತದ್ದಕ್ಕಿಂತ ಆ ಮಾತೇ ಅವಳನ್ನು ಹೆಚ್ಚು ಸುಟ್ಟಿತ್ತು. ಅದನ್ನು ಮರೆಯಲು ಅವಳು ಎಷ್ಟು ಹೆಣಗಿದ್ದಳು! ಈಗ ಅದರ ಒಂದೊಂದು ಅಕ್ಷರವನ್ನೂ ನೆನಪಿನಿಂದ ಎಳೆದು ಎಳೆದು ತೆಗೆದಳು. ಒಂದು ತಪ್ಪಿದರೂ ಹುಡುಗಿ ಹೋಗುತ್ತಾಳೆ ಎಂಬಂತೆ.

ಹಣೆ ಒರೆಸಿದಳು. ಕಂಕುಳು, ಅಂಗಾಲು, ಬೆನ್ನು. ಬಟ್ಟೆ ಹಿಂಡಿ ಮತ್ತೆ ಅದ್ದಿದಳು. ಅದುರುವುದು ನಿಂತಿತು. ಕಾವು ಇಳಿಯಲಿಲ್ಲ. ಮತ್ತೆ ಒರೆಸಿದಳು.

ಮನೆಯೊಳಗೆ ಬೆಳಕು ಕುಗ್ಗಿತು. ತಲೆ ಎತ್ತಿದರೆ ಬಾಗಿಲ ತುಂಬ ಮುಖಗಳು. ಊರವರೆಲ್ಲ ಬಂದು ನಿಂತಿದ್ದರು. ಗೌಡರೂ ಇದ್ದರು. ಎಲ್ಲ ಮುಖಗಳ ಮೇಲೂ ಅದೇ ತೆಳ್ಳನೆಯ ನಗೆ. ಹುಡುಗಿ ಬದುಕಿದರೂ ಅದು ಅಲ್ಲೇ ಇರುತ್ತಿತ್ತು, ಸತ್ತರೂ ಅಲ್ಲೇ ಇರುತ್ತಿತ್ತು.

ಸಂಕವ್ವ ಒದ್ದೆ ಬಟ್ಟೆಯನ್ನು ಅವರ ಕಡೆ ಬೀಸಿದಳು.

“ಸರೀರಿ! ಗಾಳಿ ಬರಲಿ!”

ಹೇಳಿದ ಮಾತು ಕೇಳುವ ದನಗಳ ಹಾಗೆ ಅವರು ಸರಿದು ನಿಂತರು.

ಹೊತ್ತು ಇಳಿಯಿತು. ಗೋಡೆಯ ಮೇಲಿನ ಬಿಸಿಲು ಕೆಂಪಾಗುವಾಗ ನಿಂಗಿಯ ಹಣೆಯ ಮೇಲೆ ಬೆವರಿನ ಹನಿ ಮೂಡಿತು. ಆಮೇಲೆ ಕುತ್ತಿಗೆಯಲ್ಲಿ. ಆಮೇಲೆ ಮೈಯೆಲ್ಲ. ಹುಡುಗಿ ಕಣ್ಣು ತೆರೆದು ಯಾರದೋ ಮುಖವನ್ನು ಮೇಲೆ ಕಂಡಳು.

“ನೀರು,” ಎಂದಳು.

ಸಂಕವ್ವ ಬೆಲ್ಲ ಉಪ್ಪು ಕದಡಿದ ನೀರನ್ನು ಅವಳ ತುಟಿಗೆ ಹಿಡಿದಳು. ಒಂದು ಗುಟುಕು. ತಡೆದು, ಇನ್ನೊಂದು ಗುಟುಕು. ಹುಡುಗಿ ನುಂಗಿದಳು. ನುಂಗಿದ ಸದ್ದು ಕೇಳಿಸಿತು.

ಆಗ ಸಂಕವ್ವ ಅತ್ತಳು. ಹುಡುಗಿಯನ್ನು ಎದೆಗೆ ಅವಚಿಕೊಂಡು, ಮನೆಯ ಮಾಡು ಹಾರುವ ಹಾಗೆ ಅತ್ತಳು.

ಬಾಗಿಲಲ್ಲಿದ್ದವರು ಬೆಂಕಿಗೆ ಹೆದರಿದವರಂತೆ ಹಿಂದೆ ಸರಿದರು. ಒಬ್ಬೊಬ್ಬರಾಗಿ ಹೊರಟುಹೋದರು. ಕಲ್ಲವ್ವ ಮಾತ್ರ ನಿಂತಳು. ಹತ್ತಿರ ಬಂದು ಸಂಕವ್ವನ ಕೆನ್ನೆಯ ನೀರನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು.

“ಹುಡುಗಿ ಎದ್ಲಲ್ಲ, ಮತ್ಯಾಕ ಅಳತಿ?”

“ಎದ್ಲಂತನ ಅಳಾಕತ್ತೀನಿ.”

ಕಲ್ಲವ್ವ ಅದನ್ನು ಅರ್ಥ ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ.

“ಇದನ್ನೆಲ್ಲಾ ನಿನಗ ಯಾರು ಕಲಿಸಿದ್ರು?”

“ನನ್ನ ಮಗಳು.”

“ಎಲ್ಲಿದ್ದಾಳ?”

“ಸತ್ತಾಳ. ಹೊನ್ನಿ ಅಂತ ಅಕಿ ಹೆಸರು.”

ಹೆಸರು ಪೂರ್ತಿ ಹೇಳಿದ್ದಳು. ಅದು ಎಲ್ಲಿಗೂ ಹೋಗಲಿಲ್ಲ. ಎದೆಯಲ್ಲಿ ಭಾರವಾಗಿ, ಬೆಚ್ಚಗೆ ಉಳಿಯಿತು.

ಮೇಲೆ ಏನೋ ಕಿರುಗುಟ್ಟಿತು. ಸಂಕವ್ವ ತಲೆ ಎತ್ತಿದಳು. ತೊಟ್ಟಿಲು ತೂಗುತ್ತಿತ್ತು. ಅದರ ಅಂಚಿನ ಮೇಲೆ ಕಲ್ಲವ್ವನ ಕೈ ಇತ್ತು. ತಳ್ಳುತ್ತಿತ್ತು, ತಡೆಯುತ್ತಿತ್ತು, ಮತ್ತೆ ತಳ್ಳುತ್ತಿತ್ತು. ಎಷ್ಟೋ ವರ್ಷ ತೂಗಿ ಪಳಗಿದ ಕೈ. ಒಳಗೆ ಬೆಳ್ಳುಳ್ಳಿಯ ಸಿಪ್ಪೆ ಸರಬರ ಎನ್ನುತ್ತಿತ್ತು.

ಕಲ್ಲವ್ವನೂ ತನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಮುಖದ ಮೇಲಿನ ನಗೆ ಹೋಗಿತ್ತು.

“ತಂಗಿ,” ಎಂದಳು, ಬಹಳ ಸಣ್ಣ ದನಿಯಲ್ಲಿ. “ನನ್ನ ಕೈ ಇದನ್ನ ಯಾಕ ತೂಗಾಕತ್ತೈತಿ?”

*

ಮರುದಿನ ಬೆಳಗ್ಗೆ ನಿಂಗಿ ಗಂಜಿ ಕುಡಿದಳು. ಸಂಕವ್ವ ಹೊರಟಳು.

ಚಾವಡಿಯ ಮುಂದೆ ಹಗೇವಿನ ಬಾಯಿ ಇನ್ನೂ ತೆರೆದೇ ಇತ್ತು. ಗೌಡರು ಪಕ್ಕದಲ್ಲಿ ಕುಳಿತಿದ್ದರು, ಅಲ್ಲಿಂದ ಎದ್ದೇ ಇಲ್ಲವೇನೋ ಎಂಬಂತೆ.

“ಉಳದದ್ದು ಹೇಳಿ ಹೋಗು ತಂಗೆವ್ವ. ಅರ್ಧ ಹೇಳಿ ಬಿಟ್ಟವರಿಗೆ ಎಲ್ಲೂ ನೆಮ್ಮದಿ ಇರೂದಿಲ್ಲ.”

ಒಳಗಿನ ಪಿಸುಮಾತು ಅವಳು ನಿಂತಲ್ಲಿಗೇ ಕೇಳುತ್ತಿತ್ತು. ಈಗ ಅದರೊಳಗೆ ಒಂದು ಅಕ್ಷರ ಅವಳಿಗೆ ಗುರುತು ಸಿಕ್ಕಿತು. ಹೊ, ಹೊ, ಹೊ ಎನ್ನುತ್ತಿತ್ತು. ಉಳಿದದ್ದಕ್ಕೆ ಕಾಯುತ್ತಿತ್ತು.

ಕಾಲು ತಾನಾಗಿ ಆ ಕಡೆ ಒಂದು ಹೆಜ್ಜೆ ಇಟ್ಟಿತು. ಸುಳ್ಳಲ್ಲ, ಇಟ್ಟಿತು. ನಿನ್ನೆಯ ಆ ಹಗುರ ಇನ್ನೂ ಮೈಗೆ ನೆನಪಿತ್ತು.

ಅವಳು ನಿಂತಳು.

“ಬ್ಯಾಡ್ರಿ ಗೌಡ್ರ. ಉಳದದ್ದು ನನ್ನ ಕಡೇನ ಇರಲಿ.”

“ಭಾರ ಆಗತೈತಿ.”

“ಆಗಲಿ. ಆ ಭಾರ ಇತ್ತಂತ ನಿನ್ನಿ ನಿಮ್ಮೂರಿನ ಕೂಸು ಉಳೀತು.”

ಗೌಡರು ನಕ್ಕರು. ಅವರಿಗೆ ಆ ಮಾತು ತಾಗಿತೋ ಇಲ್ಲವೋ, ಆ ನಗೆಯಿಂದ ಏನೂ ತಿಳಿಯುವಂತಿರಲಿಲ್ಲ.

ಹೊಳೆಯ ದಂಡೆಗೆ ಬರುವಾಗ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ಕಲ್ಲವ್ವ. ನಿಂಗಿಯನ್ನು ಸೊಂಟದ ಮೇಲೆ ಹೊತ್ತು ಓಡೋಡಿ ಬಂದಿದ್ದಳು. ಜಾಲಿ ಮುಳ್ಳು ತರಚಿ ಕಾಲಿನಿಂದ ರಕ್ತ ಬರುತ್ತಿತ್ತು.

“ಮತ್ತ ಜ್ವರ ಬಂದ್ರ ಏನು ಮಾಡಲಿ?”

ಸಂಕವ್ವ ಹೇಳಿದಳು. ನೀರು, ಒದ್ದೆ ಬಟ್ಟೆ, ಗಾಳಿ, ಬೆಲ್ಲ ಉಪ್ಪು. ಕಲ್ಲವ್ವ ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡಿದಳು. ಒಂದು ತಪ್ಪಿದಾಗ ಗಾಬರಿಯಾಗಿ ಮತ್ತೆ ಮೊದಲಿನಿಂದ ಕೇಳಿದಳು.

“ನನ್ನ ಎದಿ ಡವಡವ ಅಂತೈತಿ,” ಎಂದಳು. “ಕೈ ನಡಗತಾವು. ರಾತ್ರಿಯೆಲ್ಲಾ ಅಕಿ ಉಸಿರಾಡೂದನ್ನ ನೋಡಕೋಂತ ಕುಂತಿದ್ದೆ. ಏನಿದು?”

“ಹೆದರಿಕಿ ಅಕ್ಕಾ.”

“ಹೋಗತೈತೇನು?”

“ಮಗಳು ಇರೂತನಕ ಹೋಗೂದಿಲ್ಲ.”

ಕಲ್ಲವ್ವ ನಿಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಹುಡುಗಿ ಉಸಿರುಕಟ್ಟಿ ಅವ್ವಾ ಎಂದು ಕೊಸರಾಡಿದಳು.

“ಆ ತೊಟ್ಟಿಲದಾಗ ಯಾರೋ ಇದ್ರು,” ಎಂದಳು ಕಲ್ಲವ್ವ. “ಯಾರಂತ ನೆನಪಿಗೆ ಬರವಲ್ಲದು.”

ಸಂಕವ್ವ ಕಲ್ಲವ್ವನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಳು. ಆಮೇಲೆ ನೀರಿಗಿಳಿದಳು. ಆಚೆ ದಂಡೆ ಹತ್ತಿ ತಿರುಗಿ ನೋಡಿದರೆ, ಕಲ್ಲವ್ವ ಚಾವಡಿಯ ಕಡೆಯ ಹಾದಿ ಬಿಟ್ಟು, ಹೊಲದ ಬದುವಿನ ಮೇಲಿಂದ ಸುತ್ತು ಹಾಕಿ ಮನೆಗೆ ಹೋಗುತ್ತಿದ್ದಳು.

*

ಅಜ್ಜ ಬೇವಿನ ಕೆಳಗೆ ಕುಳಿತಿದ್ದರು.

“ಬಂದ್ಯಾ ತಂಗಿ?”

“ಬಂದ್ನಿರಿ.”

“ನೆಮ್ಮದಿ ಸಿಕ್ತೇನು?”

“ಹ್ಯಾಂಗಿರತೈತಿ ಅಂತ ಗೊತ್ತಾತು. ಬ್ಯಾಡಾತು.” ಅವಳು ಗಂಟನ್ನು ಜಗಲಿಯ ಮೇಲೆ ಕುಕ್ಕಿದಳು. “ಅಲ್ಲಿಗೆ ನನ್ನನ್ಯಾಕ ಕಳಿಸಿದ್ರಿ? ನಾ ಹೆಸರು ಪೂರಾ ಹೇಳಿಬಿಟ್ಟಿದ್ರ?”

“ಹೇಳಿದ್ರ ಇವತ್ತ ನನ್ನ ಮ್ಯಾಲ ಸಿಟ್ಟಾಗತಿರಲಿಲ್ಲ.”

“ಹೋಗಬ್ಯಾಡ ಅಂತ ಒಂದು ಮಾತು ಹೇಳಬೇಕಿತ್ತು.”

“ಹೇಳಿದ್ರ ಕೇಳತಿದ್ಯಾ?”

ಕೇಳುತ್ತಿರಲಿಲ್ಲ ಎಂಬುದು ಸಂಕವ್ವನಿಗೂ ಗೊತ್ತಿತ್ತು. ಸಿಟ್ಟು ಮೆಲ್ಲಗೆ ಇಳಿಯಿತು. ಅವರ ಎದುರು ನೆಲದ ಮೇಲೆ ಕುಳಿತಳು.

“ಒಂದಕ್ಷರ ಹೋಗೇತ್ರಿ ಅಜ್ಜಾರ. ಹೊನ್ನಿ ಗಲ್ಲದ ಮ್ಯಾಲ ಮಚ್ಚಿ ಇತ್ತು. ಯಾವ ಕಡೆ ಅಂತ ನೆನಪಾಗವಲ್ಲದು.”

“ಅಲ್ಲಿ ಹೋದದ್ದು ತಿರುಗಿ ಬರೂದಿಲ್ಲ.”

“ಗೊತ್ತೈತ್ರಿ.” ಅವಳು ಕಣ್ಣೊರೆಸಿಕೊಂಡಳು. “ಅವರಪ್ಪಗ ನೆನಪಿರತೈತಿ. ಹೋಗಿ ಕೇಳತೀನಿ.”

“ಅವನ ಮುಖ ನೋಡಾಕ ಆಗೂದಿಲ್ಲ ಅಂತಿದ್ದೀ.”

“ಈಗ ನೋಡಬೇಕ್ರಿ. ಅಕಿ ಇನ್ನ ಅಷ್ಟ ಉಳದಾಳ. ಅವನ ಕಡೆ ಒಂದಿಷ್ಟು, ನನ್ನ ಕಡೆ ಒಂದಿಷ್ಟು.”

ಅಜ್ಜ ತಲೆಯಾಡಿಸಿದರು.

“ನೋವು?”

“ಹಂಗ ಐತ್ರಿ. ಕಡಿಮಿ ಆಗಿಲ್ಲ. ಆದರ ನಿನ್ನಿ ಕಣ್ಣು ಮುಚ್ಚಿದಾಗ ಹೊನ್ನಿ ನರಳಲಿಲ್ಲ. ಆ ಹುಡುಗಿ ನೀರು ಕುಡಿಯೂದನ್ನ ನೋಡಕೋಂತ ಸುಮ್ಮನ ನಿಂತಿದ್ಲು.”

ಹೊಳೆಯ ಮೇಲಿಂದ ಗಾಳಿ ಬಂತು. ಬೇವಿನ ಹಣ್ಣೆಲೆಗಳು ಇಬ್ಬರ ಮೇಲೂ ಉದುರಿದವು. ಸಂಕವ್ವ ಎದ್ದು ಗಂಟು ತೆಗೆದುಕೊಂಡಳು, ಅಜ್ಜನ ಪಾದ ಮುಟ್ಟಿ ನಮಸ್ಕರಿಸಿದಳು. ಏಳುವಾಗ ಅವರ ಮುಖವನ್ನು ಬಹಳ ಹತ್ತಿರದಿಂದ ಕಂಡಳು.

ಸುಕ್ಕುಗಳ ನಡುವೆ ಅದೇ ತೆಳ್ಳನೆಯ ನಗೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ತಿಂಗಳು ಅವಳು ಶಾಂತಿ ಎಂದುಕೊಂಡ ನಗೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಅಜ್ಜಾರ. ನೀವೂ ಅಲ್ಲಿಗೆ ಹೋಗಿದ್ರಿ.”

“ಹೋಗಿದ್ದೆ. ಹರೇದಾಗ.”

“ಯಾರ ಹೆಸರು?”

ಅಜ್ಜ ಹೊಳೆಯ ಕಡೆ ನೋಡಿದರು. ನೀರು ಹರಿಯುತ್ತಿತ್ತು.

“ಹಾದಿ ನೆನಪೈತಿ. ಬಗ್ಗಿದ್ದು ನೆನಪೈತಿ. ಎದ್ದಾಗ ಮೊಣಕಾಲಿಗೆ ಮಣ್ಣು ಹತ್ತಿತ್ತು. ಯಾಕ ಬಗ್ಗಿದ್ದೆ ಅನ್ನೂದು ಮಾತ್ರ ಗೊತ್ತಿರಲಿಲ್ಲ.”

“ಹೆಂಡತೀನಾ? ಮಗನಾ?”

“ಇದ್ರೇನೋ.”

ಅವರಿಗಾಗಿ ಸಂಕವ್ವನೇ ಅಳುತ್ತಿದ್ದಳು. ಅವರು ಅವಳ ಕಣ್ಣೀರನ್ನು, ಹಿಂದೆಂದೋ ಕಲಿತು ಮರೆತ ಭಾಷೆಯನ್ನು ಕೇಳುವವರಂತೆ, ಮುಂದಕ್ಕೆ ಬಾಗಿ ನೋಡುತ್ತಿದ್ದರು.

“ಮತ್ತ ಇಷ್ಟು ವರ್ಷ ಈ ಹಾದಿ ಮ್ಯಾಲ ಯಾಕ ಕುಂತೀರಿ ಅಜ್ಜಾರ?”

“ಬಂದವರ ದುಃಖ ಕೇಳಾಕ,” ಎಂದರು ಬೂದಯ್ಯಜ್ಜ. “ಅದರಾಗ ಯಾವುದಾದ್ರೂ ಒಂದು ನಂದಿರಬಹುದು, ತಂಗಿ.”